ಬರಿಗೈಯವರಿಗೆ ಕಾಫಿ

ನಾನು ಜೀವಮಾನದಲ್ಲಿ ಸಾಕಷ್ಟು ಸಾಲ ಮಾಡಿದ್ದೇನೆ. ಕಾರ್ಖಾನೆಯ ಸೊಸೈಟಿಯಲ್ಲಿ ತೆಗೆದುಕೊಂಡೆ, ಬ್ಯಾಂಕಿನಲ್ಲಿ ತೆಗೆದುಕೊಂಡೆ, ಮಗಳ ಮದುವೆಗೆ ಪ್ರಾವಿಡೆಂಟ್ ಫಂಡಿನಿಂದ ತೆಗೆದುಕೊಂಡೆ. ಎಲ್ಲವೂ ತೀರಿತು. ಕೊಟ್ಟವರ ಮುಖ ಹೇಗಿತ್ತು ಎಂದು ಈಗ ಯೋಚಿಸಿದರೆ ಒಂದು ಕಿಟಕಿ ಕಾಣುತ್ತದೆ, ಅದರಾಚೆ ಒಂದು ಕೈ ಕಾಣುತ್ತದೆ, ಅಷ್ಟೇ. ಒಬ್ಬರ ಮುಖ ಮಾತ್ರ ಪೂರ್ತಿ ನೆನಪಿದೆ. ಮೂಗಿನ ಪಕ್ಕದ ನರೂಲಿ, ಎಲೆಯಡಿಕೆಗೆ ಕಪ್ಪಾದ ಕೆಳದುಟಿ, ಕಿವಿಯಲ್ಲಿ ಕೆಂಪು ಹರಳಿನ ಒಂಟಿ, ನಗುವ ಮೊದಲು ಒಮ್ಮೆ ಕಣ್ಣು ಮುಚ್ಚುವ ಅಭ್ಯಾಸ. ಅವರು ನನ್ನ ಮುಖ ನೋಡಲೇಬೇಕೆಂದು ಹಠ ಹಿಡಿದಿದ್ದರು. ಹಾಗಾಗಿ ನಾನೂ ಅವರ ಮುಖ ನೋಡಬೇಕಾಯಿತು.

ಅವರು ಸಾರಕ್ಕಿಯ ರೈತರು. ಲೇಔಟಿನ ನಾವೆಲ್ಲ ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದೆವು. ಹೆಸರು ಬರೆಯುವುದಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಮೊಮ್ಮಕ್ಕಳು ಇದ್ದಾರೆ. ತಪ್ಪು ನನ್ನದಾಗಿರುವಾಗ ಹೆಸರು ಅವರದೇಕೆ ಬೇಕು?

ಐವತ್ತರ ದಶಕದ ಕೊನೆಯ ಮಾತು. ಜಯನಗರ ದಕ್ಷಿಣಕ್ಕೆ ಬೆಳೆಯುತ್ತ ಬಂದು ಊರಿನ ಹೊಲಗಳನ್ನು ಮುಟ್ಟಿತ್ತು. ಯಜಮಾನರ ರಾಗಿ ಹೊಲ, ಹುರುಳಿ ಹೊಲ ಎರಡೂ ಲೇಔಟಿಗೆ ಹೋದವು. ಪರಿಹಾರದ ಹಣ ಕೈಗೆ ಬಂತು. ಊರಿನ ಕೆಲವರು ಅಂಥ ಹಣದಲ್ಲಿ ಮೋಟಾರ್ ಸೈಕಲ್ ಕೊಂಡರು, ಕೆಲವರು ಕುಡಿದರು, ಕೆಲವರು ಕೋರ್ಟಿಗೆ ಸುರಿದರು. ಇವರು ಬೆಳಗ್ಗೆ ಎದ್ದು ಹೆಗಲ ಮೇಲೆ ಟವೆಲು ಹಾಕಿಕೊಂಡು ಎಂದಿನಂತೆ ಹೊಲಕ್ಕೆ ಹೊರಡುತ್ತಿದ್ದರು. ಹೊಲವಿದ್ದ ಜಾಗದಲ್ಲಿ ನಾವು ಪಾಯ ತೋಡುತ್ತಿದ್ದೆವು. ಇಟ್ಟಿಗೆ ಗುಡ್ಡೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ನೋಡುತ್ತಿದ್ದರು. ಗದರಿಸಿ ಕಳಿಸೋಣವೆಂದರೆ ಹೇಗೆ? ಮೊನ್ನೆಯವರೆಗೆ ಅವರದೇ ನೆಲ.

ನಾನು ಆಗ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಎಸ್ಸೆಸ್ಸೆಲ್ಸಿ ಓದಿದ್ದೆ, ಹನುಮಂತನಗರದ ವಠಾರವೊಂದರಲ್ಲಿ ಬಾಡಿಗೆಗಿದ್ದೆ, ಮದುವೆಯಾಗಿ ಎರಡು ವರ್ಷವಾಗಿತ್ತು. ಗೋಡೆ ಎದ್ದ ಮೇಲೆ ಕೈ ಖಾಲಿಯಾಯಿತು. ಮಳೆಗಾಲ ಹತ್ತಿರ ಬಂತು, ಚಾವಣಿಗೆ ಹಂಚಿಲ್ಲ, ತೊಲೆಯಿಲ್ಲ. ಒಂದು ಬೆಳಗ್ಗೆ ಯಜಮಾನರೇ ಕೇಳಿದರು.

"ಏನ್ ಗುಮಾಸ್ತ್ರೇ, ಗ್ವಾಡೆ ನೆನಸಕ್ಕೆ ಬುಟ್ಟಿದ್ದೀರಾ?"

"ದುಡ್ಡಿಲ್ಲ ಯಜಮಾನ್ರೇ."

"ಎಷ್ಟ್ ಬೇಕು?"

"ಮುನ್ನೂರಾದ್ರೂ ಬೇಕು."

ಸಂಜೆ ಮನೆಗೆ ಬರಲು ಹೇಳಿದರು. ಹೋದೆ. ಜಗಲಿಯ ಮೇಲೆ ಕೂರಿಸಿ ಹಣವನ್ನು ನನ್ನ ಕೈಗಿಟ್ಟರು. ನಾನು ಸ್ಟ್ಯಾಂಪ್ ಪೇಪರ್ ತೆಗೆದುಕೊಂಡು ಹೋಗಿದ್ದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು.

"ಇದ್ ಮಡೀಕ್ಕಳಿ. ನಂದು ಒಂದೇ ಕರಾರು. ಅಮಾಸೆ ಅಮಾಸೆಗೆ ಸಂಜೆ ಬಂದು ಇಲ್ ಕುಂತ್ಕಬೇಕು. ದುಡ್ಡಿದ್ರೆ ತನ್ನಿ. ಇಲ್ದಿದ್ರೂ ಬನ್ನಿ. ದುಡ್ಡಿಲ್ಲ ಅಂತ ತಪ್ಪಿಸ್ಕಬಾರ್ದು."

"ಬಡ್ಡಿ?"

"ನೆಲ ಕೊಟ್ಟು ಬಂದಿರೋ ದುಡ್ಡು ಕಣ್ರೀ ಇದು. ಇದರ ಕೈಲಿ ಮರಿ ಹಾಕ್ಸಕ್ಕೆ ನಂಗೆ ಮನಸ್ಸಿಲ್ಲ."

ಅಮಾವಾಸ್ಯೆಯಂದು ಊರಿನಲ್ಲಿ ಯಾರೂ ಎತ್ತಿಗೆ ನೊಗ ಹೂಡುತ್ತಿರಲಿಲ್ಲ. ಹೊಲವಿದ್ದ ಕಾಲದಿಂದಲೂ ಅಂದು ಅವರಿಗೆ ಬಿಡುವು, ಅದಕ್ಕೇ ಆ ದಿನ. ನಮ್ಮ ಲೇಔಟಿನವರಿಗೆ ಅದೊಂದು ಸಂಕಟ. ಅಮಾವಾಸ್ಯೆಯ ದಿನ ಹಣ ಕೊಡುವುದು, ತೆಗೆದುಕೊಳ್ಳುವುದು ನಮ್ಮ ಮನೆಗಳಲ್ಲಿ ನಡೆಯುವಂಥದಲ್ಲ. ಒಬ್ಬರು ಹಾಗೆಂದು ಹೇಳಿಯೂ ಬಿಟ್ಟರು. ಯಜಮಾನರು ಕಣ್ಣು ಮುಚ್ಚಿ, ತೆರೆದು ನಕ್ಕರು.

"ಸಾಲ ತೀರ್ಸಕ್ಕೆ ಒಳ್ಳೇ ದಿನ ನೋಡ್ತಾ ಕುಂತ್ರೆ, ನಂಗೆ ಯಾವತ್ತೂ ಒಳ್ಳೇ ದಿನ ಬರಕಿಲ್ಲ ಸ್ವಾಮಿ."

ಆ ಜಗಲಿಯ ಸಂಜೆಗಳನ್ನು ಹೇಗೆ ಬಣ್ಣಿಸಲಿ? ಹತ್ತು ಹನ್ನೆರಡು ಮಂದಿ ಸೇರುತ್ತಿದ್ದೆವು. ಎಲ್ಲರೂ ಸಾಲಗಾರರು. ಹುರಿದ ಕಡಲೆಕಾಯಿ, ಬೆಲ್ಲ. ಯಾರ ಬಾವಿಯಲ್ಲಿ ನೀರು ಸಿಕ್ಕಿತು, ಬಸ್ಸು ಇನ್ನೊಂದು ಸಲ ಬಿಡುತ್ತಾರಂತೆ, ಯಾರ ಹೆಂಡತಿ ಬಸುರಿ. ಹಣದ ಮಾತು ನಡುವೆ ಎಲ್ಲೋ ಬಂದು ಹೋಗುತ್ತಿತ್ತು. ಕೊಡುವವರು ಕೊಟ್ಟರೆ "ಹೂಂ, ಅಲ್ಲಿಡಿ" ಎನ್ನುತ್ತಿದ್ದರು, ತಿರುಗಿ ನೋಡುತ್ತಿರಲಿಲ್ಲ. "ಈ ತಿಂಗಳು ಆಗ್ಲಿಲ್ಲ ಯಜಮಾನ್ರೇ" ಎಂದು ಯಾರಾದರೂ ತಲೆ ತಗ್ಗಿಸಿದರೆ ಮಾತ್ರ ಒಳಗಡೆ ಮುಖ ಮಾಡಿ ಕೂಗುತ್ತಿದ್ದರು: "ಏ ಇವ್ಳೇ, ಒಂದ್ ಲೋಟ ಕಾಪಿ ತಾ!" ಅವರ ಹೆಂಡತಿ ಬೆಲ್ಲದ ಕಾಫಿಯನ್ನು ದೊಡ್ಡ ಹಿತ್ತಾಳೆ ಲೋಟದಲ್ಲಿ ತಂದು ಆ ಮನುಷ್ಯನ ಮುಂದೆ ಇಡುತ್ತಿದ್ದರು.

ನಾನೊಮ್ಮೆ ಹದಿನೈದು ರೂಪಾಯಿ ಕೊಟ್ಟು, ಕಾಫಿಯಿಲ್ಲದೆ ಕೂತು, ತಡೆಯಲಾರದೆ ಕೇಳಿಯೇ ಬಿಟ್ಟೆ. "ಇದೇನ್ ನ್ಯಾಯ ಯಜಮಾನ್ರೇ? ದುಡ್ಡು ಕೊಟ್ಟೋನಿಗೆ ಕಡ್ಲೆಕಾಯಿ, ಕೊಡದೆ ಇದ್ದೋನಿಗೆ ಕಾಫಿ!"

"ನೀವು ದುಡ್ಡಿರೋರು. ಹೋಟ್ಲಲ್ಲಿ ಕುಡೀಬೋದು."

ಜಗಲಿಯೆಲ್ಲ ನಕ್ಕಿತು. ಅಂದು ಕಾಫಿ ಕುಡಿಯುತ್ತಿದ್ದವನು ನಮ್ಮ ಪಕ್ಕದ ರಸ್ತೆಯ ಟೈಪಿಸ್ಟು. ಸರ್ಕಾರಿ ಕಚೇರಿಯಲ್ಲಿ ಕೆಲಸ, ಮನೆ ತುಂಬ ಮಕ್ಕಳು. ಅವನ ಕೈಯಿಂದ ಹಣ ಬಂದದ್ದು ಅಪರೂಪ, ಆದರೆ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿದವನಲ್ಲ. "ನಾನು ಈ ಮನೆ ಕಾಫಿ ಕುಡಿದೂ ಕುಡಿದೂ ಸಾಲ ಇನ್ನೂ ಜಾಸ್ತಿ ಆಗಿರ್ಬೇಕು ಕಣ್ರೀ" ಎನ್ನುತ್ತಿದ್ದ. ಹಾಗೆ ನಗುತ್ತ ಹೇಳುವ ಧೈರ್ಯ ಅವನಿಗೆ ಎಲ್ಲಿಂದ ಬರುತ್ತಿತ್ತೆಂದು ಆಗ ನನಗೆ ತಿಳಿಯಲಿಲ್ಲ. ಆ ಜಗಲಿಯೇ ಕೊಡುತ್ತಿತ್ತು.

ಯಜಮಾನರು ಎಲ್ಲರಿಗೂ ಕೊಡುತ್ತಿರಲಿಲ್ಲ. ಬೇರೊಬ್ಬರಿಂದ ಪಡೆದ ಸಾಲ ತೀರಿಸಲೆಂದು ಹಣ ಕೇಳಲು ಬಂದವನೊಬ್ಬನನ್ನು ಹಾಗೇ ಕಳಿಸಿದ್ದರು. "ಅವ್ನಿಗೆ ಮುಖ ತಪ್ಪಿಸಕ್ಕೆ ನನ್ ದುಡ್ಡಾ? ಮೊದ್ಲು ಹೋಗಿ ಅವ್ನ ಮನೇಲಿ ಕುಂತ್ಕಳಿ. ಅವನು ಏನಂತಾನೋ ಕೇಳ್ಕಂಡು ಬನ್ನಿ." ಆ ಮನುಷ್ಯ ಮತ್ತೆ ಬರಲಿಲ್ಲ. ಆಮೇಲೊಮ್ಮೆ ರಸ್ತೆಯಲ್ಲಿ ಸಿಕ್ಕಿ, ಸಾಲ ಕೊಟ್ಟವರು ತಿಂಗಳಿಗಿಷ್ಟು ಎಂದು ಒಪ್ಪಿಕೊಂಡರು ಎಂದು ಹೇಳಿದನಂತೆ. ಯಜಮಾನರು ಅದನ್ನು ಬೆಳೆ ಚೆನ್ನಾಗಿ ಬಂದವರ ಹಾಗೆ ಹೇಳಿಕೊಂಡು ಓಡಾಡಿದರು.

ಒಂದು ದಿನ ನಾನೇ ಕೇಳಿದೆ, ಹಣವಿಲ್ಲದವರು ಬಂದು ಕೂರುವುದರಿಂದ ನಿಮಗೇನು ಲಾಭ ಎಂದು. ಅವರು ಎಲೆಗೆ ಸುಣ್ಣ ಹಚ್ಚಿ ಮಡಿಸಿದರು.

"ಬೆಳೆ ಹೋದ ವರ್ಷ ಹೊಲಕ್ಕೆ ಹೋಗದೆ ಮನೇಲಿ ಕುಂತ್ಕತೀವಾ ಗುಮಾಸ್ತ್ರೇ? ಅವತ್ತೇ ಜಾಸ್ತಿ ಹೋಗ್ಬೇಕು. ಈಗ ಹೊಲ ಇಲ್ಲ. ಹೊಲದ್ ಮ್ಯಾಲೆ ಮನೆ ಕಟ್ಕಂಡೋರ್ ಮುಖನಾದ್ರೂ ನೋಡ್ಬೇಡ್ವಾ ನಾನು?"

ಇಷ್ಟು ಕೇಳಿಯೂ ನಾನು ಹಾಗೆ ನಡೆದುಕೊಂಡೆ.

ನಾನು ಹಣ ಕೊಡುವುದನ್ನು ನಿಲ್ಲಿಸಿದ್ದು ಕಷ್ಟದಿಂದಲ್ಲ. ಇದನ್ನು ಇಷ್ಟು ವರ್ಷ ಬೇರೆ ಬೇರೆ ರೀತಿ ಹೇಳಿಕೊಂಡು ಬಂದಿದ್ದೇನೆ. ಒಮ್ಮೆ ಹೆಂಡತಿಯ ಬಾಣಂತನ ಎಂದೆ, ಒಮ್ಮೆ ಅಮ್ಮನ ಔಷಧಿ ಎಂದೆ. ನಿಜವಾಗಿ ಅದು ಒಂದು ರೇಡಿಯೋ. ನಮ್ಮ ಸ್ಟೋರ್ಸಿನ ಇನ್ನೊಬ್ಬ ಗುಮಾಸ್ತ ಕೊಂಡಿದ್ದ. ಅವನ ಮನೆಗೆ ಹೋದಾಗ ಮರದ ಪೆಟ್ಟಿಗೆಯೊಳಗೆ ಹಸಿರು ದೀಪ ಬೆಳಗಿ ಹಾಡು ಬರುವುದನ್ನು ಕಂಡು ನನಗೂ ಒಂದು ಬೇಕೇ ಬೇಕು ಎನ್ನಿಸಿತು. ನನ್ನ ಹೆಂಡತಿ ಕೇಳಿರಲಿಲ್ಲ. ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಕಂತಿನ ಮೇಲೆ ತಂದೆ, ಅಂಚೆ ಕಚೇರಿಯಲ್ಲಿ ಆಗ ರೇಡಿಯೋಗೆ ಬೇಕಿದ್ದ ಲೈಸೆನ್ಸು ಮಾಡಿಸಿದೆ. ಆ ತಿಂಗಳಿಂದ ಯಜಮಾನರ ಹಣ ರೇಡಿಯೋದ ಅಂಗಡಿಗೆ ಹೋಯಿತು.

ಹಣವಿಲ್ಲ ಎಂದಿದ್ದರೆ ಕಾಫಿ ಸಿಗುತ್ತಿತ್ತು. ಆದರೆ "ಯಾಕ್ ಗುಮಾಸ್ತ್ರೇ, ಏನಾಯ್ತು?" ಎಂದು ಕೇಳುತ್ತಾರಲ್ಲ! ನಿಮ್ಮ ಹಣದಿಂದ ಹಂಚು ಹೊದಿಸಿದೆ, ಈಗ ಅದರ ಕೆಳಗೆ ರೇಡಿಯೋ ಇಟ್ಟಿದ್ದೇನೆ ಎಂದು ಹೇಗೆ ಹೇಳುವುದು? ಮೊದಲ ಅಮಾವಾಸ್ಯೆ ಜ್ವರ ಎಂದು ಹೇಳಿ ಕಳಿಸಿದೆ. ಮುಂದಿನದಕ್ಕೆ ಏನೂ ಹೇಳಿ ಕಳಿಸಲಿಲ್ಲ. ಬಸ್ಸಿಗೆ ಹೋಗುವ ಹತ್ತಿರದ ದಾರಿ ಅವರ ಜಗಲಿಯ ಮುಂದೆಯೇ ಹಾಯುತ್ತಿತ್ತು. ಆ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿ ಹೋಗತೊಡಗಿದೆ. ರೇಡಿಯೋ ಹಾಕಿದರೂ ಸದ್ದು ಹೊರಗೆ ಹೋಗದಂತೆ ಕಿಟಕಿ ಮುಚ್ಚಿ, ಕಿವಿಯನ್ನು ಪೆಟ್ಟಿಗೆಯ ಮುಂಭಾಗದ ಬಟ್ಟೆಗೆ ಒತ್ತಿ ಕೇಳುತ್ತಿದ್ದೆ. ಎಷ್ಟು ಹಣ ಕೊಟ್ಟು ಎಂಥ ಸುಖ ಕೊಂಡಿದ್ದೆ ನೋಡಿ!

ಆಗ ಒಂದು ವಿಚಿತ್ರ ಶುರುವಾಯಿತು. ನನಗೆ ಯಜಮಾನರ ಮೇಲೆ ಸಿಟ್ಟು ಬರತೊಡಗಿತು. ಅವರು ಒಂದು ಮಾತೂ ಆಡಿರಲಿಲ್ಲ, ಯಾರನ್ನೂ ಕಳಿಸಿರಲಿಲ್ಲ. ಅದಕ್ಕೇ ಸಿಟ್ಟು. ಬಂದು ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಹಳ್ಳಿಯವನಿಗೆ ಇಷ್ಟು ದೊಡ್ಡಸ್ತಿಕೆ ಯಾಕೆ, ನಮ್ಮನ್ನೆಲ್ಲ ಸಾಲಾಗಿ ಕೂರಿಸಿಕೊಂಡು ದರ್ಬಾರು ಮಾಡುವ ಖುಷಿ ಎಂದೆಲ್ಲ ಒಳಗೇ ಬೈಯುತ್ತಿದ್ದೆ. ತೆಗೆದುಕೊಂಡವನು ಕೊಟ್ಟವನನ್ನು ಹಗೆ ಮಾಡಿಕೊಳ್ಳುವುದು ಎಷ್ಟು ಸುಲಭವೆಂದು ನನಗೆ ಆಗ ಗೊತ್ತಾಯಿತು. ಅವನು ಕೆಟ್ಟವನಾದರೆ ನಾವು ಒಳ್ಳೆಯವರಾಗುತ್ತೇವೆ.

ಒಂದು ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಟೈಪಿಸ್ಟು ಹಿಡಿದ.

"ಏನ್ರೀ, ಏರಿ ಕಡೆಯಿಂದ ಬರ್ತಿದೀರಿ? ಜಗಲಿ ಕಡೆ ಕಾಣೋದೇ ಇಲ್ಲ?"

ಯೋಚಿಸಿ ಹೇಳಿದ್ದಲ್ಲ. ಬಾಯಿ ತಾನಾಗಿ ತೆರೆಯಿತು. "ನಿಮಗಿನ್ನೂ ಗೊತ್ತಿಲ್ವಾ? ಯಜಮಾನ್ರು ಬಡ್ಡಿ ಕೇಳೋಕೆ ಶುರು ಮಾಡಿದಾರೆ. ರೂಪಾಯಿಗೆ ಒಂದಾಣೆ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳ್ತಾರೆ."

"ಛೇ, ಅವರಾ?"

"ನನ್ನ ಹತ್ರ ಕೇಳಿದ್ರಲ್ಲ! ನಿಮ್ಮ ಸರದೀನೂ ಬರುತ್ತೆ, ಇರಿ."

ಅವನ ಮುಖ ಸಣ್ಣದಾಯಿತು. ನನಗೆ ಆ ಕ್ಷಣ ಒಂದು ರೀತಿಯ ಸಮಾಧಾನವೂ ಆಯಿತು.

ಅಂದಿನ ಲೇಔಟಿನಲ್ಲಿ ಮನೆಗಳು ಕಡಿಮೆ, ಮಾತು ಹರಡಲು ಒಂದು ವಾರ ಸಾಕು. ಮುಂದಿನ ಅಮಾವಾಸ್ಯೆಗೆ ಜಗಲಿಯಲ್ಲಿ ಅರ್ಧ ಜನ. ಅದರ ಮುಂದಿನದಕ್ಕೆ ಇಬ್ಬರೋ ಮೂವರೋ. ಬಡ್ಡಿ ತಿನ್ನುವವನ ಹಣ ತಾನೇ, ನಿಧಾನ ಕೊಟ್ಟರಾಯಿತು ಎಂದು ಕೊಡುವ ಶಕ್ತಿಯಿದ್ದವರೂ ನಿಲ್ಲಿಸಿದರು. ಬರಿಗೈಯಲ್ಲಿ ನಗುತ್ತ ಹೋಗುತ್ತಿದ್ದ ಟೈಪಿಸ್ಟೂ ಏರಿಯ ದಾರಿ ಹಿಡಿದ. ಬೆಳಗ್ಗೆ ನಾವಿಬ್ಬರೂ ಒಬ್ಬರ ಹಿಂದೆ ಒಬ್ಬರು, ಮಾತಿಲ್ಲದೆ ಏರಿಯ ಮೇಲೆ ನಡೆಯುತ್ತಿದ್ದೆವು.

ದೀಪಾವಳಿಗೆ ಬೋನಸ್ಸು ಬಂತು. ನೂರ ಎಪ್ಪತ್ತು ರೂಪಾಯಿ ಬಾಕಿಯಿತ್ತು. ಕೊಟ್ಟು ಕೈ ತೊಳೆದುಕೊಳ್ಳೋಣ ಎನ್ನಿಸಿತು, ಆದರೆ ಕಾಲು ಏಳಲಿಲ್ಲ. ಆಗ ನಾನು ಮಾಡಿದ ಕೆಲಸ ಕೇಳಿ ಯಾರಾದರೂ ನಗಬಹುದು. ಅಂಚೆ ಕಚೇರಿಗೆ ಹೋಗಿ, ಕೂಗಳತೆಯ ದೂರದಲ್ಲಿದ್ದ ಮನೆಗೆ ಮನಿಯಾರ್ಡರ್ ಮಾಡಿದೆ. ಕಮಿಷನ್ ಕೊಟ್ಟೆ. ಅಂದು ರೇಡಿಯೋ ಸ್ವಲ್ಪ ಜೋರಾಗಿಯೇ ಹಾಕಿದೆ.

ಎರಡು ದಿನ ಬಿಟ್ಟು ಪೋಸ್ಟ್‌ಮ್ಯಾನ್ ಸೈಕಲ್ಲನ್ನು ಗೇಟಿಗೆ ಒರಗಿಸಿ ಹಣ ವಾಪಸು ತಂದ.

"ತಗೊಳ್ಳಲ್ಲ ಅಂದ್ಬಿಟ್ರು ಸಾರ್."

"ಯಾಕಂತೆ?"

ಅವನು ಹೇಳಲೋ ಬೇಡವೋ ಎಂದು ನಿಂತ. "'ಆ ವಯ್ಯನ ಕಾಲಿಗೇನಾಗೈತೆ, ಕೇಳ್ಕಂಡ್ ಬಾ' ಅಂದ್ರು ಸಾರ್."

ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವನು ಹೋದ ಮೇಲೆ ಕೇಳಿದಳು: "ಯಜಮಾನ್ರಿಗೆ ಬಡ್ಡಿ ಕೊಡ್ತಿದ್ದೀರಂತೆ? ಟೈಪಿಸ್ಟ್ ಮನೆಯವ್ರು ಹೇಳಿದ್ರು."

ನಾನು ವಾಪಸು ಬಂದ ಹಣವನ್ನು ಎಣಿಸತೊಡಗಿದೆ.

"ನಾನು ಹಾಗೇನಿಲ್ಲ ಅಂದೆ. ಹಾಗೆ ಹೇಳಿದ್ದೇ ನೀವು ಅಂತ ನಂಗೆ ಆಮೇಲೆ ಗೊತ್ತಾಯ್ತು." ಅವಳು ಕೂಗಾಡಲಿಲ್ಲ. ಒಳಗೆ ಹೋಗಿ ರೇಡಿಯೋ ಆರಿಸಿದಳು. "ಹೋಗಿ ಬನ್ನಿ" ಎಂದಳು.

ಅಮಾವಾಸ್ಯೆಯವರೆಗೂ ಕಾದೆ. ಅದಕ್ಕಿಂತ ಮೊದಲೇ ಹೋಗುವ ಧೈರ್ಯವೂ ಇರಲಿಲ್ಲ, ಕರಾರು ಮುರಿದವನು ಕರಾರಿನ ದಿನವಾದರೂ ಹೋಗಲಿ ಎಂದೂ ಅನ್ನಿಸಿತು. ಸಂಜೆ ಊರಿನ ದಾರಿ ಹಿಡಿದೆ. ಜಗಲಿಯಲ್ಲಿ ಯಜಮಾನರು ಒಬ್ಬರೇ ಕೂತಿದ್ದರು. ಮುಂದೆ ಮೊರದ ತುಂಬ ಕಡಲೆಕಾಯಿ, ಹತ್ತು ಜನಕ್ಕೆ ಆಗುವಷ್ಟು. ಬಾರದವರಿಗೂ ಅವರು ಪ್ರತಿ ತಿಂಗಳು ಹುರಿಸುತ್ತಿದ್ದರು.

"ಬನ್ನಿ ಗುಮಾಸ್ತ್ರೇ. ಕಾಲು ವಾಸಿ ಆಯ್ತಾ?"

ಹಣವನ್ನು ಮೊರದ ಪಕ್ಕ ಇಟ್ಟೆ. ನಿಂತೇ ಇದ್ದೆ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ರೇಡಿಯೋದ ವಿಷಯ ಹೇಳಿದೆ. ಆಮೇಲೆ ಬಡ್ಡಿಯ ಮಾತು.

"ಗೊತ್ತು" ಎಂದರು. "ಎಷ್ಟ್ ಬಡ್ಡಿ ಅಂದೆ?"

"ರೂಪಾಯಿಗೆ ಒಂದಾಣೆ."

"ಅಷ್ಟೇನಾ? ಅಂಗಡಿ ಸೇಟು ಎರಡಾಣೆ ತಗತಾನೆ. ಹೇಳೋದ್ ಹೇಳ್ದೆ, ನನ್ ಮರ್ವಾದಿಗೆ ತಕ್ಕಂಗೆ ಹೇಳ್ಬಾರ್ದಾ?" ಕಣ್ಣು ಮುಚ್ಚಿದರು. ನಗುತ್ತಾರೆ ಎಂದುಕೊಂಡೆ. ಕಣ್ಣು ತೆರೆದಾಗ ನಗು ಇರಲಿಲ್ಲ. "ನಂಗೆ ಬೇಜಾರಾಗ್ಲಿಲ್ಲ ಅಂದ್ರೆ ಸುಳ್ಳಾಯ್ತದೆ. ಇವ್ಳು ಬಾವಿ ತಾವ ಹೋದಾಗ ಅಂದ್ರಂತೆ. 'ಜಮೀನ್ ಹೋದ್ ಮ್ಯಾಲೆ ನಿನ್ ಗಂಡ ಲೇಔಟ್ನೋರ ರಕ್ತ ಹೀರ್ತಾವ್ನಂತೆ' ಅಂತ. ಎರಡ್ ದಿನ ಉಣ್ಲಿಲ್ಲ ಅವ್ಳು."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಕೈ ಅಡ್ಡ ಹಾಕಿ ತಡೆದರು.

"ಏಳು, ಏಳು. ಕಾಲ್ ಹಿಡ್ಕಂಡ್ರೆ ಮುಖ ಕಾಣಕಿಲ್ಲ." ಅಷ್ಟು ದಿನಗಳಲ್ಲಿ ಅಂದೇ ಮೊದಲು ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು. ಹಣವನ್ನು ಎತ್ತಿ ನನ್ನ ಜೇಬಿಗೆ ತುರುಕಿದರು. "ಇದ್ನ ತಗಂಡ್ ಹೋಗಿ ಆ ರೇಡಿಯೋ ಕಂತು ಕಟ್ಟು. ತಂದಿದೀಯ, ಮನೇಲಿ ಹಾಡು ಕೇಳು. ದುಡ್ಡ್ ಹಿಡ್ಕಂಡು ಯಾವನ್ ಬೇಕಾದ್ರೂ ಬತ್ತಾನೆ. ಬರೋ ಅಮಾಸೆ ಬಾ. ಬರಿಗೈಲಿ ಬಾ. ಈ ಬೀದಿ ಕಡೆ ಮುಖ ಮಾಡ್ಕಂಡ್ ಕುಂತ್ಕ."

ಆ ಒಂದು ತಿಂಗಳು ನಾನು ಅನುಭವಿಸಿದ ಭಯವನ್ನು ಯಾವ ಸಾಲಗಾರನೂ ಅನುಭವಿಸಿರಲಾರ. ಹಣ ಹೊಂದಿಸುವುದು ನನಗೆ ಗೊತ್ತಿತ್ತು. ಬರಿಗೈಯನ್ನು ಹೊಂದಿಸುವುದು ಹೇಗೆ? ರೇಡಿಯೋದ ಅಂಗಡಿಗೆ ಹೋಗಿ ಇದ್ದ ಕಂತೆಲ್ಲ ಕಟ್ಟಿದೆ. ಅಮಾವಾಸ್ಯೆಯ ಸಂಜೆ ಜೇಬಿನಲ್ಲಿ ಬಸ್ಸಿನ ಚಿಲ್ಲರೆಯನ್ನೂ ಇಟ್ಟುಕೊಳ್ಳದೆ ಹೋದೆ.

ಯಜಮಾನರು ನನ್ನನ್ನು ಜಗಲಿಯ ತುದಿಯಲ್ಲಿ, ಬೀದಿಯವರಿಗೆ ಕಾಣುವ ಹಾಗೆ ಕೂರಿಸಿದರು. ತಾವು ಕಡಲೆಕಾಯಿ ಸುಲಿಯುತ್ತ ಕೂತರು. ಬಸ್ಸು ಇಳಿದ ಲೇಔಟಿನವರು ಒಬ್ಬೊಬ್ಬರೇ ಹಾಯತೊಡಗಿದರು. ಕೆಲವರು ನೋಡಿಯೂ ನೋಡದಂತೆ ಹೋದರು. ಇನ್ನು ಕೆಲವರು ನನ್ನನ್ನು ನೋಡಿ, ಯಜಮಾನರನ್ನು ನೋಡಿ, ಮತ್ತೆ ನನ್ನನ್ನು ನೋಡಿದರು. ನನ್ನ ಕಿವಿ ಸುಡುತ್ತಿತ್ತು. ಎದ್ದು ಹೋಗಿಬಿಡೋಣ ಎಂದು ಎಷ್ಟು ಸಲ ಅನ್ನಿಸಿತೋ.

ಆಗ ಟೈಪಿಸ್ಟು ಬಂದ. ಅಂದು ಏಕೆ ಏರಿಯ ದಾರಿ ಬಿಟ್ಟು ಈ ಕಡೆ ಬಂದನೋ ತಿಳಿಯದು, ನಾನು ಹೋದದ್ದನ್ನು ನೋಡಿದ್ದನೋ ಏನೋ. ಜಗಲಿಯ ಮುಂದೆ ನಿಂತ. ಅವನ ದನಿಯಲ್ಲಿ ಮೊನಚಿತ್ತು.

"ಏನ್ರೀ, ಬಡ್ಡಿ ಕಟ್ಟೋಕೆ ಬಂದ್ರಾ?"

ಬೀದಿಯಲ್ಲಿ ಹೋಗುತ್ತಿದ್ದ ಇನ್ನಿಬ್ಬರೂ ನಿಂತರು. ಯಜಮಾನರು ತಲೆ ಎತ್ತಲಿಲ್ಲ. ಒಂದು ಕಾಯಿ ಒಡೆದು, ಬೀಜ ಊದಿ, ಮೊರದಲ್ಲಿಟ್ಟರು.

"ಇಲ್ಲ" ಎಂದೆ. ಇನ್ನಿಬ್ಬರಿಗೂ ಕೇಳಿಸಲೆಂದು ಮತ್ತೆ ಗಟ್ಟಿಯಾಗಿ ಹೇಳಿದೆ. "ಬಡ್ಡಿ ಅನ್ನೋದು ನಾನು ಕಟ್ಟಿದ ಸುಳ್ಳು. ಇವರು ಯಾವತ್ತೂ ಕೇಳಿಲ್ಲ. ಸಾಲ ಇನ್ನೂ ಬಾಕಿ ಇದೆ, ಕೊಡೋಕೆ ಇವತ್ತು ನನ್ನ ಹತ್ರ ದುಡ್ಡಿಲ್ಲ. ಅದಕ್ಕೇ ಬಂದಿದೀನಿ."

ಟೈಪಿಸ್ಟು ನನ್ನನ್ನು ಬೈಯುತ್ತಾನೆ ಎಂದು ಕಾದೆ, ಬೈಯಲಿ ಎಂದೂ ಕಾದೆ. ಅವನು ಒಂದೊಂದಾಗಿ ಚಪ್ಪಲಿ ಬಿಟ್ಟು, "ಯಜಮಾನ್ರೇ, ನನ್ನ ಹತ್ರಾನೂ ಇಲ್ಲ" ಎಂದು ಜಗಲಿ ಹತ್ತಿದ.

ಯಜಮಾನರು ಮೊರವನ್ನು ಪಕ್ಕಕ್ಕೆ ತಳ್ಳಿ, ಅವನಿಗೆ ಜಾಗ ಬಿಟ್ಟು ಸರಿದು ಕೂತರು.